ಬರೆದವರು ಸುಮ್ಮನೆ ಕೂರುವ ಭಾನುವಾರ

(ಶಿರಸಿಯಲ್ಲಿ, ಹೊಸದಾಗಿ ಬರೆಯುತ್ತಿರುವವರಿಗಾಗಿ ನಡೆದ ಒಂದು ದಿನದ ಕಮ್ಮಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದು ಬರುವಾಗ ಒಬ್ಬಳು ಹುಡುಗಿ ಜೊತೆಗೆ ಸಿಕ್ಕಳು. ಈಗ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. "ಅಕ್ಕೋರೇ, ನಾನು ಏಳು ವರ್ಷದಿಂದ ಬರೀತಿದ್ದೇನೆ. ಇಷ್ಟು ದಿನ ಯಾರಿಗೂ ತೋರಿಸಿಲ್ಲ. ತೋರಿಸೋಕೆ ಯಾರಿದ್ದಾರೆ ಹೇಳಿ?" ಅಂದಳು. ನಾನು ಬರೆದು ತಂದಿದ್ದ ಭಾಷಣ ಬೇರೆಯೇ ಇತ್ತು. ಅದನ್ನು ಬ್ಯಾಗಿನಲ್ಲೇ ಬಿಟ್ಟಿದ್ದೇನೆ. ಇವತ್ತು ಅವಳ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ನಾನು ಸಿದ್ದಾಪುರ ಕಡೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾದರೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿ ಹಾಕಿಕೊಂಡು ಹನ್ನೆರಡು, ಹದಿನೈದು ಜನ ಕೂರುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಬಿಡುವು. ಯಾರಾದರೂ ಒಬ್ಬರು ಕಥೆ ಹೇಳಲೇಬೇಕು, ಇಲ್ಲದಿದ್ದರೆ ನಿದ್ದೆ ಬರುತ್ತದೆ. ಕಥೆ ಎಳೆದಾಡಿದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಕ್ಕದವರ ಹತ್ತಿರ ಮೆಲ್ಲಗೆ ಸುಣ್ಣದ ಡಬ್ಬಿ ಕೇಳುತ್ತಿದ್ದರು, ಅಷ್ಟೇ. ಹೇಳುವವಳಿಗೆ ಗೊತ್ತಾಗಿಬಿಡುತ್ತಿತ್ತು. ಹಿಡಿಸಿದರೆ ಕತ್ತಿಯ ಸದ್ದೇ ನಿಧಾನವಾಗುತ್ತಿತ್ತು. ನಮ್ಮಮ್ಮ ಒಂದೇ ಕಥೆಯನ್ನು ಪ್ರತಿ ವರ್ಷ ಹೇಳುತ್ತಿದ್ದಳು. ಹಿಂದಿನ ವರ್ಷ ಸುಣ್ಣದ ಡಬ್ಬಿ ಓಡಾಡಿದ ಜಾಗವನ್ನು ಈ ವರ್ಷ ಸಣ್ಣ ಮಾಡಿ ಹೇಳುತ್ತಿದ್ದಳು. ಅವಳು ಶಾಲೆಗೆ ಹೋದವಳಲ್ಲ. ತಿದ್ದುವುದು ಹೇಗೆ ಅಂತ ನಾನು ಮೊದಲು ಕಲಿತದ್ದು ಅವಳಿಂದ.

ಈಗ ಸುಲಿಯುವ ಯಂತ್ರ ಬಂದಿದೆ. ಒಳ್ಳೆಯದೇ. ಕೈಯ ಕಷ್ಟ ತಪ್ಪಿತು. ಆದರೆ ಕೇಳುವ ಅಂಗಳವೂ ಹೋಯಿತು. ಬರೆಯುವವರು ಒಂದು ಕೂಟ ಕಟ್ಟಬೇಕು ಅಂತ ನಾನು ಹಟ ಹಿಡಿದು ಹೇಳುವುದು ಆ ಅಂಗಳಕ್ಕಾಗಿ.

ಮೊದಲ ಸಲ ನಾವು ಕೂಟ ಕಟ್ಟಿದಾಗ ಸೋತೆವು. ಅದನ್ನು ಹೇಳದೆ ಮುಂದೆ ಹೋಗಬಾರದು. ಬ್ಯಾನರ್ ಬರೆಸಿದೆವು. ಉದ್ಘಾಟನೆಗೆ ದೊಡ್ಡವರನ್ನು ಕರೆದೆವು. ನಲವತ್ತು ಜನ ಬಂದಿದ್ದರು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರ ಆಯ್ಕೆ ಆಯಿತು. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷರ ಮಾತು. ಕೊನೆಗೆ ಹೊಸಬರ ಓದಿಗೆ ಉಳಿದದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಹನ್ನೊಂದು ಜನ ಓದಬೇಕಿತ್ತು. ಎರಡು ಕಡೆಯಿಂದ ಚೀಟಿ ಬಂತು, "ಬೇಗ ಮುಗಿಸಿ" ಅಂತ. ಕುಮಟಾದಿಂದ ಬಂದಿದ್ದ ಒಬ್ಬರು ಕವಿತೆಯನ್ನು ಅರ್ಧಕ್ಕೆ ನಿಲ್ಲಿಸಿ ಕೂತರು. ಅವರು ಮತ್ತೆ ಬರಲಿಲ್ಲ. ನಾಲ್ಕನೇ ತಿಂಗಳು ಕಾರ್ಯದರ್ಶಿ ಮತ್ತು ನಾನು ಇಬ್ಬರೇ ಕೂತಿದ್ದೆವು. ಆಗ ಬಹಳ ನೋವಾಯಿತು. ನಮ್ಮ ಊರಿನವರಿಗೆ ಆಸಕ್ತಿಯೇ ಇಲ್ಲ ಅಂದುಕೊಂಡೆ. ತಪ್ಪು ಊರಿನದ್ದಲ್ಲ. ವೇದಿಕೆ ಕಟ್ಟುವ ಭರದಲ್ಲಿ ನಾವು ಕೇಳುವವರನ್ನೇ ಮರೆತಿದ್ದೆವು.

ಎರಡನೇ ಸಲ ಐದೇ ಜನ ಸೇರಿದೆವು. ನಾನು, ಬ್ಯಾಂಕಿನಿಂದ ನಿವೃತ್ತರಾದ ಕ್ಯಾಷಿಯರ್ ಒಬ್ಬರು, ಆಶಾ ಕಾರ್ಯಕರ್ತೆ ಒಬ್ಬಳು, ಮೊಬೈಲ್ ರಿಪೇರಿ ಮಾಡುವ ಹುಡುಗ, ಅಂಕೋಲಾ ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದ ಒಬ್ಬರು. ಬ್ಯಾನರ್ ಇಲ್ಲ, ಹೆಸರೂ ಇಲ್ಲ. ಇವತ್ತಿಗೂ ಹೆಸರಿಟ್ಟಿಲ್ಲ. "ಭಾನುವಾರದ್ದು" ಅಂತೇವೆ. ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ. ಹನ್ನೊಂದು ವರ್ಷವಾಯಿತು.

ನಮ್ಮಲ್ಲಿ ಬರೆದವರು ತಮ್ಮ ಬರಹವನ್ನು ತಾವು ಓದುವುದಿಲ್ಲ. ಇನ್ನೊಬ್ಬರು ಓದುತ್ತಾರೆ. ಬರೆದವರು ಸುಮ್ಮನೆ ಕೂತು ಕೇಳಬೇಕು. ಇದು ಕ್ಯಾಷಿಯರ್ ಅಣ್ಣ ಹೇಳಿದ ಉಪಾಯ. ಅವರಿಗೆ ಹೊಳೆದದ್ದು ಬ್ಯಾಂಕಿನಲ್ಲೇ. ತಾನೇ ಬರೆದ ಲೆಕ್ಕದಲ್ಲಿ ತನ್ನ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಬೇರೆಯವರು ಗಟ್ಟಿಯಾಗಿ ಓದಿ ಹೇಳಿದರೆ ತಕ್ಷಣ ಬೀಳುತ್ತದೆ ಅಂತ. ಬರಹಕ್ಕೂ ಅದೇ. ನಾವೇ ಓದುವಾಗ ಬರೆಯದೆ ಬಿಟ್ಟಿದ್ದನ್ನೂ ದನಿಯಲ್ಲಿ ತುಂಬಿಬಿಡುತ್ತೇವೆ. ಕಣ್ಣಲ್ಲಿ ನೀರು ತಂದುಕೊಂಡು ಓದಿದರೆ ಎಂಥ ಸಾಲೂ ದಾಟಿಹೋಗುತ್ತದೆ. ಬೇರೆಯವರ ಬಾಯಲ್ಲಿ ಕಾಗದದ ಮೇಲೆ ಇದ್ದಷ್ಟೇ ಬರುತ್ತದೆ. ಅವರು ಎಲ್ಲಿ ತಡವರಿಸಿದರು, ಎಲ್ಲಿ ಉಸಿರು ಸಾಲಲಿಲ್ಲ, ಎಲ್ಲಿ ಹಿಂದೆ ಹೋಗಿ ಇನ್ನೊಮ್ಮೆ ಓದಿದರು, ಅಲ್ಲೆಲ್ಲ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಅರ್ಧ ತಿದ್ದುಪಡಿ ಅಲ್ಲೇ ಮುಗಿಯುತ್ತದೆ.

ಒಂದು ಭಾನುವಾರದ ಕಥೆ ಹೇಳುತ್ತೇನೆ. ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಆಶಾ ಕಾರ್ಯಕರ್ತೆ ಅಂದೆನಲ್ಲ, ಅವಳ ಅಪ್ಪ ಕೊನೆಗೌಡ. ನಲವತ್ತು ವರ್ಷ ಬೇರೆಯವರ ತೋಟದಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸಿದವರು. ಅವರು ತೀರಿಕೊಂಡ ಮೇಲೆ ಅವಳು ಅಪ್ಪನ ಬಗ್ಗೆ ನಾಲ್ಕು ಪುಟ ಬರೆದು ತಂದಳು. ಕ್ಯಾಷಿಯರ್ ಅಣ್ಣ ಓದಿದರು. ಮೊದಲ ಸಾಲು ಹೀಗಿತ್ತು: "ನನ್ನ ಪೂಜ್ಯ ತಂದೆಯವರು ಅಡಿಕೆ ವೃಕ್ಷದ ಶಿಖರದಲ್ಲಿ ಶ್ರಮಜೀವಿಯಾಗಿ ಕಂಗೊಳಿಸುತ್ತಿದ್ದರು." ಕ್ಯಾಷಿಯರ್ ಅಣ್ಣ "ಕಂಗೊಳಿಸುತ್ತಿದ್ದರು" ಹತ್ತಿರ ಎಡವಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಮತ್ತೆ ಎಡವಿದರು. ನಾಲ್ಕು ಪುಟವೂ ಹೀಗೇ ಹೋಯಿತು. ಅವಳು ತಲೆ ತಗ್ಗಿಸಿ ಕೂತಿದ್ದಳು.

ಓದಿ ಮುಗಿದ ಮೇಲೆ ಯಾರೂ ಆ ಸಾಲು ಸರಿಯಿಲ್ಲ ಅನ್ನಲಿಲ್ಲ. ಅಂಕೋಲೆಯವರು ಒಂದೇ ಪ್ರಶ್ನೆ ಕೇಳಿದರು. "ತಂಗೀ, ನೀ ಸಣ್ಣಕಿದ್ದಾಗ ತೋಟಕ್ಕೆ ಹೋಗಿದ್ಯಾ? ಅಪ್ಪ ಮೇಲಿದ್ರೆ ನಿಂಗೆ ಏನು ಕಾಣ್ತಿತ್ತು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಅಪ್ಪ ಒಂದ್ಸಲ ಹತ್ತಿದ್ರೆ ಬೇಗ ಇಳೀತಿರ್ಲಿಲ್ಲ. ಮರ ತೂಗಿ ತೂಗಿ ಪಕ್ಕದ ಮರ ಹಿಡೀತಿದ್ದ. ಹಾಗೇ ದಾಟಿ ದಾಟಿ ಹೋಗ್ತಿದ್ದ. ನಾನು ಕೆಳಗೆ ಉದುರಡಿಕೆ ಆರಿಸ್ತಿದ್ದೆ. ಮೇಲೆ ನೋಡಿದ್ರೆ ಅಪ್ಪನ ಮುಖ ಕಾಣ್ತಿರ್ಲಿಲ್ಲ. ಅಂಗಾಲು ಮಾತ್ರ ಕಾಣ್ತಿತ್ತು. ಬಿಳೀ ಅಂಗಾಲು, ಮಧ್ಯ ಒಡೆದಿತ್ತು."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹೊರಗೆ ಮಳೆ. ಮೊಬೈಲ್ ಹುಡುಗ ಮೆಲ್ಲಗೆ "ಅಕ್ಕ, ಇದನ್ನೇ ಬರೀರಿ" ಅಂದ. ಮುಂದಿನ ತಿಂಗಳು ಅವಳ ಬರಹ ಅಂಗಾಲಿನಿಂದಲೇ ಶುರುವಾಯಿತು. "ಪೂಜ್ಯ" ಹೋಯಿತು, "ವೃಕ್ಷ" ಹೋಯಿತು. ನಾಲ್ಕು ಪುಟ ಎರಡಾಯಿತು. ಕ್ಯಾಷಿಯರ್ ಅಣ್ಣ ಒಮ್ಮೆಯೂ ಎಡವದೆ ಓದಿದರು. ಕೊನೆಯ ಸಾಲಿನಲ್ಲಿ ಮಾತ್ರ ನಿಂತರು. ಅದು ಬೇರೆ ಕಾರಣಕ್ಕೆ.

ಆ ಸಾಲುಗಳು ಅವಳಲ್ಲೇ ಇದ್ದವು. ಕೇಳುವವರು ಸಿಕ್ಕಾಗ ಹೊರಗೆ ಬಂದವು. ಮನೆಯಲ್ಲಿ ಒಬ್ಬಳೇ ಕೂತು ಹತ್ತು ಸಲ ತಿದ್ದಿದ್ದರೆ "ಕಂಗೊಳಿಸುತ್ತಿದ್ದರು" ಹೋಗಿ "ಶೋಭಿಸುತ್ತಿದ್ದರು" ಬರುತ್ತಿತ್ತೋ ಏನೋ.

ಕೇಳುವುದು ಸುಲಭ ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯವರಿಗೆ ತಾಳಮದ್ದಲೆ ಗೊತ್ತಲ್ಲ? ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು ಮತ್ತು ಕೂತು ಆಡುವ ಮಾತು. ಎದುರಿನ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಏನು ಹೇಳಿದ ಅಂತ ಮೈಯೆಲ್ಲ ಕಿವಿಯಾಗಿ ಕೇಳದವನು ಅಲ್ಲಿ ಉತ್ತರ ಕೊಡಲಾರ. ಮನೆಯಲ್ಲಿ ತಯಾರಿ ಮಾಡಿಕೊಂಡು ಬಂದದ್ದನ್ನೇ ಒಪ್ಪಿಸಿದರೆ ಸಭೆಗೆ ಗೊತ್ತಾಗುತ್ತದೆ. ನಮ್ಮ ಕೂಟದಲ್ಲೂ ಹಾಗೇ. ಓದು ಮುಗಿದ ತಕ್ಷಣ ಯಾರೂ ಅಭಿಪ್ರಾಯ ಹೇಳುವ ಹಾಗಿಲ್ಲ. ಮೊದಲು ಒಬ್ಬೊಬ್ಬರೂ ಮನಸ್ಸಿನಲ್ಲಿ ಉಳಿದ ಒಂದು ಸಾಲು ಅಥವಾ ಒಂದು ಚಿತ್ರ ಹೇಳಬೇಕು. ಆಮೇಲೆ ಎಲ್ಲಿ ಗಮನ ತಪ್ಪಿತು ಅಂತ. ಆಮೇಲೆ ಪ್ರಶ್ನೆ. "ಚೊಲೋ ಇದ್ದು", ಅಂದರೆ ಚೆನ್ನಾಗಿದೆ, ಅನ್ನುವ ಮಾತಿಗೆ ನಮ್ಮಲ್ಲಿ ಜಾಗವಿಲ್ಲ. ಅದು ಪ್ರೀತಿಯ ಮಾತೇ. ಆದರೆ ಬರೆದವರು ಅದನ್ನು ಮನೆಗೆ ಒಯ್ದು ಏನು ಮಾಡಬೇಕು? "ನಾನಾಗಿದ್ದರೆ ಹೀಗೆ ಬರೀತಿದ್ದೆ" ಅನ್ನುವುದಕ್ಕೂ ಜಾಗವಿಲ್ಲ. ನೀವು ನಿಮ್ಮದನ್ನು ಬರೆಯಿರಿ, ಅವರು ಅವರದನ್ನು ಬರೆಯಲಿ.

ಕೂಟದಲ್ಲಿ ಬೇರೆ ಬೇರೆ ಕಸುಬಿನವರು, ಬೇರೆ ಬೇರೆ ಊರಿನವರು ಇರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಬರೀ ಮಾಸ್ತರರು ಮತ್ತು ಅಕ್ಕೋರುಗಳೇ ಸೇರಿದರೆ ಎಲ್ಲರೂ ಕೆಂಪು ಪೆನ್ನು ಹಿಡಿದು ಕೂರುತ್ತೇವೆ. ಒಮ್ಮೆ ಘಟ್ಟದ ಮೇಲಿನ ಗೆಳತಿಯೊಬ್ಬಳು ತದಡಿ ಬಂದರಿನ ಕಥೆ ಬರೆದಳು. ಜುಲೈ ತಿಂಗಳ ಬೆಳಗಿನಲ್ಲಿ ಬೋಟುಗಳು ಸಾಲಾಗಿ ಕಡಲಿಗೆ ಹೊರಡುತ್ತವೆ. ಓದಲು ಬಹಳ ಚಂದ. ಅಂಕೋಲೆಯವರು ಕೈ ಎತ್ತಿದರು. ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ಬಂದರಿನಲ್ಲಿ ಕಟ್ಟಿರುತ್ತವೆ. ಅವರು ಬಲೆ ರಿಪೇರಿ ಮಾಡುವ ಗಂಡಸರ ಬಗ್ಗೆ ಹೇಳಿದರು. ಆ ಎರಡು ತಿಂಗಳು ಒಣಮೀನಿನಲ್ಲಿ ಸಂಸಾರ ತೂಗಿಸುವ ಹೆಂಗಸರ ಬಗ್ಗೆ ಹೇಳಿದರು. ಕಥೆಯೇ ತಿರುಗಿತು. ಹೊರಡುವ ಬೋಟಿನ ಬದಲು ಕಟ್ಟಿದ ಬೋಟು ಬಂತು. ಇಷ್ಟು ಯಾವ ಪುಸ್ತಕ ನೋಡಿದರೆ ಸಿಗುತ್ತಿತ್ತು?

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದು ಬಸ್ಸಿನಲ್ಲಿ ಕೂತರೆ ನಾಲ್ಕು ಥರದ ಮಾತು ಕೇಳುತ್ತದೆ. ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ನಾಮಧಾರಿಗಳ ಮಾತು, ಕೊಂಕಣಿ. ಭಟ್ಕಳಕ್ಕೆ ಹೋದರೆ ನವಾಯತಿ. ಅನೇಕರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ. ಹೊಸದಾಗಿ ಬಂದವರ ಮನೆಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದುವ ಕೆಲಸ ದಯವಿಟ್ಟು ಮಾಡಬೇಡಿ. ಹಾಡುಗಳನ್ನು ನೆನಪಿನಲ್ಲೇ ಕಾಪಾಡಿಕೊಂಡು ಬಂದ ಅಂಕೋಲಾದ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಡಿದ್ದು ತಮ್ಮ ಜನರ ಮಾತಿನಲ್ಲೇ ಅಲ್ವಾ? ಅರ್ಥವಾಗದ ಪದವಿದ್ದರೆ ಕೇಳಿ ತಿಳಿದುಕೊಳ್ಳಿ. ನಮ್ಮ ಕೂಟದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಹೀಗೆ ಕೇಳಿ ಬರೆದುಕೊಂಡ ಪದಗಳು ಇನ್ನೂರು ದಾಟಿವೆ.

ಇನ್ನು ಒಂದು ವಿಷಯ ಹೇಳುವುದು ನನಗೆ ಕಷ್ಟ. ಆದರೂ ಹೇಳಬೇಕು. ನಮ್ಮಲ್ಲಿ ಒಬ್ಬರು ತಮ್ಮ ಮನೆಯ ಪಾಲಿನ ಜಗಳದ ಬಗ್ಗೆ ಬರೆದಿದ್ದರು. ಹೆಸರು ಬದಲಿಸಿದ್ದರು. ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಕೂತು ನಾನು ಆ ಬರಹವನ್ನು ಹೊಗಳಿದೆ. ಮನಸ್ಸಿನಲ್ಲಿ ಮೆಚ್ಚುಗೆ ಬಿಟ್ಟು ಬೇರೇನೂ ಇರಲಿಲ್ಲ. ಪಕ್ಕದಲ್ಲಿದ್ದವರು ಅವರ ದೂರದ ನೆಂಟರು. ವಾರದೊಳಗೆ ಮಾತು ಆ ಮನೆಗೆ ಮುಟ್ಟಿತು. ಅವರು ಕೂಟ ಬಿಟ್ಟರು, ಬರೆಯುವುದನ್ನೂ ಬಿಟ್ಟರು. ನಾನು ಎರಡು ಸಲ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟರು, ಮಾತಾಡಿದರು. ಆದರೆ ಮತ್ತೆ ಬರಲಿಲ್ಲ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು, ಎಲ್ಲರಿಗೂ ಎಲ್ಲರ ಮನೆ ಗೊತ್ತು. ಅಂದಿನಿಂದ ಒಂದು ಕಟ್ಟುನಿಟ್ಟು ಮಾಡಿದ್ದೇವೆ. ಅಲ್ಲಿ ಓದಿದ್ದು ಅಲ್ಲೇ ಉಳಿಯಬೇಕು. ಹೊಗಳುವುದಕ್ಕೂ ಹೊರಗೆ ಬಾಯಿ ಬಿಡಬಾರದು. ಫೋಟೋ ಇಲ್ಲ, ವಾಟ್ಸಾಪ್ ಸ್ಟೇಟಸ್ ಇಲ್ಲ. ಝೆರಾಕ್ಸ್ ಪ್ರತಿಗಳನ್ನು ಕೊನೆಗೆ ಬರೆದವರ ಕೈಗೇ ಮರಳಿ ಕೊಡುತ್ತೇವೆ.

ವ್ಯವಸ್ಥೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆರರಿಂದ ಹತ್ತು ಜನ ಸಾಕು. ಸಾವಿರ ಪದದ ಬರಹ ಗಟ್ಟಿಯಾಗಿ ಓದಲು ಹತ್ತು ನಿಮಿಷ, ಮಾತಿಗೆ ಇಪ್ಪತ್ತೈದು. ನಾಲ್ಕು ಬರಹಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಐದೂವರೆಗೆ ಏಳಲೇಬೇಕು. ಹಳ್ಳಿಗಳಿಗೆ ಹೋಗುವ ಕಡೇ ಬಸ್ಸು ತಪ್ಪಿದರೆ ಹೆಣ್ಣುಮಕ್ಕಳಿಗೆ ಮುಂದಿನ ತಿಂಗಳು ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ. ಸಂಜೆ ಆರರ ಮೇಲೆ ಇಟ್ಟ ಕೂಟ ಗಂಡಸರ ಕೂಟವಾಗಿಬಿಡುತ್ತದೆ. ಜಾಗ ಎಲ್ಲಾದರೂ ಆಗಬಹುದು. ಶಾಲೆಯ ಕೋಣೆ, ಲೈಬ್ರರಿಯ ಒಂದು ಮೂಲೆ, ಯಾರದಾದರೂ ಮನೆಯ ಜಗಲಿ. ಆದರೆ ತಿಂಗಳಿಗೊಮ್ಮೆ ಬದಲಿಸಬೇಡಿ, ಹೊಸಬರು ಹುಡುಕಿಕೊಂಡು ಬರುವುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಜನ ಕಡಿಮೆ ಬರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ತಿಂಗಳು ನಾವು ಸೇರುವುದೇ ಇಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ಬಂದಾದರೆ ಕೆಳಗಿನ ಕರಾವಳಿಯವರು ಬರಲಾರರು. ಅವರ ಬರಹವನ್ನು ಇಲ್ಲಿ ಓದಿ, ಓದನ್ನೂ ನಮ್ಮ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರೊಬ್ಬರಿಗೇ ಕಳಿಸುತ್ತೇವೆ. ಅವರು ಗುಡ್ಡ ಹತ್ತಿ, ನೆಟ್‌ವರ್ಕ್ ಸಿಕ್ಕಲ್ಲಿ ನಿಂತು ಕೇಳುತ್ತಾರೆ.

ನೋಂದಣಿ ಮಾಡಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ಬಂದದ್ದು. ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು. ದೇಣಿಗೆ ಎತ್ತುವುದು, ಬ್ಯಾಂಕ್ ಖಾತೆ, ಸರ್ಕಾರದ ನೆರವು, ಇವೆಲ್ಲ ಬೇಕಾದಾಗ ಅದನ್ನು ನೋಡಿಕೊಳ್ಳಿ. ಓದಿ ಕೇಳುವುದಕ್ಕೆ ಯಾವ ನೋಂದಣಿಯೂ ಬೇಡ. ಇನ್ನು ಕೆಲವರಿಗೆ ಬರಹ ಕದ್ದುಬಿಟ್ಟರೆ ಅನ್ನುವ ಭಯ. ನೀವು ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುತ್ತದೆ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಿತ ಕಾಲ, ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಹನ್ನೊಂದು ವರ್ಷದಲ್ಲಿ ನಮ್ಮಲ್ಲಿ ಯಾರೂ ಯಾರದ್ದನ್ನೂ ಕದ್ದಿಲ್ಲ.

ಮೊದಲ ವರ್ಷವೇ ಎಲ್ಲರದ್ದೂ ಸೇರಿಸಿ ಪುಸ್ತಕ ತರುವ ಆಸೆ ಹುಟ್ಟುತ್ತದೆ. ತಡೆಯಿರಿ. ಯಾರ ಬರಹ ಮೊದಲು, ಯಾರ ಫೋಟೋ ಎಲ್ಲಿ ಅನ್ನುವಲ್ಲೇ ಒಳ್ಳೆಯ ಕೂಟಗಳು ಒಡೆದುಹೋದದ್ದನ್ನು ನೋಡಿದ್ದೇನೆ. ಬೇಕಿದ್ದರೆ ಕೈಬರಹದ ಪತ್ರಿಕೆ ಮಾಡಿ. ಒಂದೇ ಪ್ರತಿ, ಮನೆಯಿಂದ ಮನೆಗೆ ಹೋಗಲಿ. ಒಬ್ಬರ ಬರಹ ಪುಸ್ತಕವಾಗುವಷ್ಟು ಮಾಗಿತು ಅಂತ ಎಲ್ಲರಿಗೂ ಅನಿಸಿದಾಗ ಅದಕ್ಕೆ ದಾರಿಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಪ್ರಕಟಣೆ ನೋಡಿಕೊಂಡು ಅರ್ಜಿ ಹಾಕಿ.

ನಮ್ಮಂಥ ಸಣ್ಣ ಊರಿನಲ್ಲಿ ಇದೆಲ್ಲ ಆಗುತ್ತದಾ ಅಂತ ಹೊಸಬರಿಗೆ ಅನುಮಾನ. ಧಾರವಾಡದಲ್ಲಿ ಬೇಂದ್ರೆ ಮತ್ತು ಅವರ ಜೊತೆಗಾರರು 1920ರ ದಶಕದಲ್ಲಿ ಕಟ್ಟಿಕೊಂಡದ್ದಕ್ಕೆ "ಗೆಳೆಯರ ಗುಂಪು" ಅಂತಲೇ ಹೆಸರು. ಸಂಘ ಅನ್ನಲಿಲ್ಲ, ಸಮಿತಿ ಅನ್ನಲಿಲ್ಲ. ಅದು ದೊಡ್ಡ ಊರು ಅಂತೀರೇನೋ. ಹಾಗಾದರೆ ಸಿದ್ದಾಪುರ ದಾಟಿ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಿ. ನೀನಾಸಂ ಅನ್ನುವ ನಾಟಕ ಸಂಸ್ಥೆ 1949ರಲ್ಲಿ ಹುಟ್ಟಿದ್ದು ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ. ನಮ್ಮ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದರು. ಸಮಯವಿಲ್ಲ ಅನ್ನುವವರಿಗೆ ನಾನು ಅದನ್ನೇ ಹೇಳುವುದು. ನಾಲ್ಕು ಸಾಲು ಬರೆದು ತನ್ನಿ. ನಾಲ್ಕು ಸಾಲಿಗೂ ಇಪ್ಪತ್ತೈದು ನಿಮಿಷ ಕೊಡುತ್ತೇವೆ.

ಈಗಾಗಲೇ ಇರುವ ಕೂಟಕ್ಕೆ ಸೇರುವುದಾದರೆ ಮೊದಲ ಎರಡು ಸಲ ಸುಮ್ನೆ ಹೋಗಿ ಕೂತು ಬನ್ನಿ. ಅಲ್ಲಿ ಓದು ಜಾಸ್ತಿಯೋ, ಭಾಷಣ ಜಾಸ್ತಿಯೋ ನೋಡಿ. ಹೊಸಬರು ಓದುವಾಗ ಹಳಬರು ಮೊಬೈಲ್ ನೋಡುತ್ತಿದ್ದಾರಾ ನೋಡಿ. ಸರಿ ಕಂಡರೆ ಮೂರನೇ ಸಲ ನಿಮ್ಮದನ್ನು ಒಯ್ಯಿರಿ. ತೀರಾ ಒಳ್ಳೆಯದು ಅನಿಸಿದ್ದನ್ನು ಒಯ್ಯಬೇಡಿ. ಎಲ್ಲೋ ಸಿಕ್ಕಿಹಾಕಿಕೊಂಡು ಮುಂದೆ ಹೋಗದೆ ಬಿಟ್ಟದ್ದು ಇರುತ್ತದಲ್ಲ, ಅದನ್ನು ಒಯ್ಯಿರಿ. ನಿಮ್ಮ ಊರಲ್ಲಿ ಕೂಟವೇ ಇಲ್ಲ ಅಂದರೆ ಲೈಬ್ರರಿಯಲ್ಲಿ ಪುಸ್ತಕ ಬದಲಿಸಲು ಪದೇ ಪದೇ ಬರುವವರು ಯಾರು ಅಂತ ಗಮನಿಸಿ, ಮಾತಾಡಿಸಿ. ಕಾಲೇಜಿನ ಕನ್ನಡ ಮಾಸ್ತರರನ್ನು ಕೇಳಿ. ಮೂರು ಜನ ಸಿಕ್ಕರೆ ಶುರು ಮಾಡಿ.

ಮೂರನೇ ಸಾಲಿನ ತಂಗೀ, ನಿನ್ನ ಚೀಲದಲ್ಲಿ ಒಂದು ನೋಟ್‌ಬುಕ್ ಇದೆ, ದಾರಿಯಲ್ಲಿ ನೀನೇ ತೋರಿಸಿದೆ. ಒಳಗೆ ಏನಿದೆ ಅಂತ ನಾನು ಕೇಳಲಿಲ್ಲ. ಊಟದ ನಂತರ ಎರಡು ಪುಟ ಆರಿಸಿ ಕೊಡು. ಓದಲು ಕ್ಯಾಷಿಯರ್ ಅಣ್ಣ ಬಂದಿದ್ದಾರೆ, ಹಿಂದೆ ಕೂತಿದ್ದಾರೆ. ನೀನು ಅವರ ಪಕ್ಕದಲ್ಲೇ ಪೆನ್ಸಿಲ್ ಹಿಡಿದು ಕೂತುಕೋ.

ಉಳಿದವರಿಗೆ ಒಂದು ಕೆಲಸ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇವೆ. ಹೆಸರು, ಊರು, ನಿಮ್ಮ ಊರಿಗೆ ಹೋಗುವ ಕಡೇ ಬಸ್ಸಿನ ಸಮಯ, ಇಷ್ಟು ಬರೆಯಿರಿ. ಸಂಜೆ ಹೊರಡುವ ಮೊದಲು ಅದನ್ನು ಗಟ್ಟಿಯಾಗಿ ಓದುತ್ತೇವೆ. ಒಂದೇ ಬಸ್ಸಿಗೆ ಹೋಗುವವರು ಯಾರ್ಯಾರು ಅಂತ ನೋಡಿಕೊಂಡು, ಇವತ್ತು ಒಟ್ಟಿಗೇ ಕೂತು ಹೋಗಿ.